ಮಗಳಿಗೊಂದು ಪತ್ರ: ಬಾಗಿಲಿಲ್ಲದ ಕೀ

ಪುಟ್ಟೀ,

ಇಂಗ್ಲೆಂಡಿನಿಂದ ಮೈಸೂರಿಗೆ ಬಂದು ವಾರವಾಯಿತು, ಸೂಟ್‌ಕೇಸ್ ಇನ್ನೂ ಪೂರ್ತಿ ಬಿಚ್ಚಿಲ್ಲ. ನಿನಗೆ ಡ್ಯೂಟಿ ಇದ್ದ ದಿನ ನಾವಿಬ್ಬರೇ ಡಾರ್ಸೆಟ್‌ನ ಕಾರ್ಫ್ ಕೋಟೆಗೆ ಹೋಗಿದ್ದೆವಲ್ಲ, ಅದನ್ನು ಸರಿಯಾಗಿ ಹೇಳಲೇ ಇಲ್ಲ. ನಿಮ್ಮಪ್ಪ ಬರೀ ಗುಡ್ಡದ ಕೆಳಗೆ ಓಡಾಡುವ ಉಗಿಬಂಡಿ ಬಗ್ಗೆಯೇ ಮಾತಾಡಿದರು.

ಬಸ್ಸು ತಿರುಗಿದ ಕೂಡಲೇ ಗುಡ್ಡದ ತುದಿಯಲ್ಲಿ ಗೋಡೆಗಳು ಕಂಡವು, ಕಚ್ಚಿಟ್ಟ ನಿಪ್ಪಟ್ಟಿನ ಹಾಗೆ. ಗುಡ್ಡ 55 ಮೀಟರ್ ಅಂತೆ. ಅಪ್ಪನ ಮಂಡಿಯನ್ನು ಕೇಳಿದರೆ ಜಾಸ್ತಿ ಹೇಳುತ್ತೆ.

ಹಳೇದಾಗಿ ತಾನೇ ಬಿದ್ದದ್ದು ಅಂದುಕೊಂಡಿದ್ದೆ. ಅಲ್ಲ, ಬೇಕೆಂದೇ ಕೆಡವಿದ್ದು. 1066ರಲ್ಲಿ ಇಂಗ್ಲೆಂಡ್ ಗೆದ್ದ ವಿಲಿಯಂ ದೊರೆಯ ಕಾಲದಲ್ಲಿ ಶುರುವಾದ ಕೋಟೆ ಇದು. ಆರು ನೂರು ವರ್ಷದ ಹತ್ತಿರ ಬಾಳಿತು. ಆಮೇಲೆ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧವಾಯಿತು. ಗೆದ್ದ ಪಾರ್ಲಿಮೆಂಟಿನವರು 1646ರಲ್ಲಿ ಮದ್ದಿಟ್ಟು ಸಿಡಿಸಿದರು, ಇನ್ಯಾರೂ ಒಳಗೆ ಸೇರಿಕೊಳ್ಳಬಾರದೆಂದು. ಒಂದು ಬಾಗಿಲಿನ ಅರ್ಧ ಭಾಗ ನಿಂತ ನಿಲುವಿನಲ್ಲೇ ಕೆಳಗೆ ಜಾರಿದೆ. ಕಮಾನಿನ ಒಂದು ತುದಿ ಮೇಲೆ, ಇನ್ನೊಂದು ತುದಿ ಕೆಳಗೆ. ನಾನು ಅಲ್ಲೇ ತುಂಬಾ ಹೊತ್ತು ನಿಂತೆ. ಬಿದ್ದ ಕಲ್ಲನ್ನು ಊರಿನವರು ಮನೆ ಕಟ್ಟಲು ಹೊತ್ತೊಯ್ದರಂತೆ. ಒಳ್ಳೇದೇ ಆಯಿತು.

ನಾನು ಹೇಳಬೇಕಿದ್ದುದು ಆ ಯುದ್ಧದ ಕಾಲದಲ್ಲಿ ಕೋಟೆಯ ಒಡತಿಯಾಗಿದ್ದ ಮೇರಿ ಬ್ಯಾಂಕ್ಸ್ ಎಂಬಾಕೆಯ ವಿಷಯ. ಆಕೆಯ ಗಂಡ ರಾಜನ ಜೊತೆ ಹೋಗಿದ್ದ. 1643ರಲ್ಲಿ ಕೋಟೆಗೆ ಮುತ್ತಿಗೆ ಬಿತ್ತು, ಆರು ವಾರ. ಮೇಲಿನ ಅಂಗಳ ಕಾದವರು ಆಕೆ, ಆಕೆಯ ಹೆಣ್ಣುಮಕ್ಕಳು, ಕೆಲಸದ ಹೆಂಗಸರು, ಜೊತೆಗೆ ಐದೇ ಜನ ಸೈನಿಕರಂತೆ. ಗೋಡೆ ಹತ್ತಿ ಬಂದವರ ಮೇಲೆ ಕಲ್ಲು, ನಿಗಿನಿಗಿ ಕೆಂಡ ಸುರಿದರಂತೆ. ನಿಮ್ಮಪ್ಪ ತಕ್ಷಣ "ನಮ್ಮ ಓಬವ್ವ!" ಅಂದರು. ನನ್ನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ಕೆಂಡ ತಗೊಂಡು ಬಾ ಅಂತ ಮಗಳಿಗೆ ಆ ತಾಯಿ ಹೇಗೆ ಹೇಳಿದಳೋ? ಹತ್ತು ವರ್ಷವಾಗುವ ತನಕ ನಿನ್ನನ್ನು ನಾನು ಸ್ಟೌ ಹತ್ತಿರ ಬಿಟ್ಟಿರಲಿಲ್ಲ.

ಕೋಟೆ ಕೈತಪ್ಪಿದ್ದು ಎರಡನೇ ಮುತ್ತಿಗೆಯಲ್ಲಿ, ಅದೂ ಒಳಗಿನವನೊಬ್ಬನ ಮೋಸದಿಂದ. ಸಹಾಯಕ್ಕೆ ಜನ ಕರೆತರುತ್ತೇನೆಂದು ಹೋದವನು ಶತ್ರುಗಳನ್ನೇ ಕರೆತಂದ. ಆದರೂ ಗೆದ್ದವರು ಆಕೆಯ ಧೈರ್ಯ ಮೆಚ್ಚಿ ಕೋಟೆಯ ಕೀಗಳನ್ನು ಆಕೆಗೇ ಕೊಟ್ಟರಂತೆ. ಆಮೇಲೆ ಆ ಮನೆತನದವರು ಕಟ್ಟಿಸಿದ ಕಿಂಗ್‌ಸ್ಟನ್ ಲೇಸಿ ಎಂಬ ದೊಡ್ಡ ಮನೆಯಲ್ಲಿ ಅವು ಈಗಲೂ ಇವೆ.

ಅಜ್ಜಿ ಮನೆ ಕೆಡವಿದ ಮೇಲೂ ಅದರ ಕೀ ನಾನು ಬೀರುವಿನಲ್ಲಿ ಇಟ್ಟುಕೊಂಡಿದ್ದಕ್ಕೆ ನೀನು ನಕ್ಕಿದ್ದೆ, ಅಲ್ವಾ?

ಮುಂದಿನ ಸಲ ಆ ಕೋಟೆಯ ಕೀಗಳನ್ನು ನೋಡೋಕೆ ಹೋಗಬೇಕು, ನೀನೂ ಬರಬೇಕು. ರಜೆ ಮೊದಲೇ ಹೇಳಿಡು. ಚಿತ್ರಾನ್ನ ನಾನೇ ಕಲಸುತ್ತೇನೆ. ಆವತ್ತು ನೀನು ಡಬ್ಬಿಗೆ ಹಾಕಿಕೊಟ್ಟಿದ್ದರಲ್ಲಿ ಉಪ್ಪೇ ಇರಲಿಲ್ಲ.

ಇಂತಿ,
ಅಮ್ಮ