ಆಸ್ತಮಾ ಇದೆ ಎಂದು ಬರೆದು ಕೊಟ್ಟರೂ ಪ್ರೊಪ್ರನೊಲಾಲ್ ಕೊಟ್ಟ ಬಗ್ಗೆ ದೂರು

ಗೆ,
ಗ್ರಾಹಕರ ದೂರು ವಿಭಾಗದ ಮುಖ್ಯಸ್ಥರು

ಮಾನ್ಯರೇ,

ಕಾಲೇಜಿನ ದಿನಗಳಿಂದ ನನಗೆ ಮೈಗ್ರೇನ್ ಇದೆ. ಬಂದ ದಿನ ಬೆಳಕು, ಸದ್ದು ಎರಡೂ ಆಗುವುದಿಲ್ಲ, ವಾಂತಿ ಬೇರೆ. ಆ ಸ್ಥಿತಿಯಲ್ಲಿ ಮಾರತ್ತಹಳ್ಳಿ ಟ್ರಾಫಿಕ್‌ನಲ್ಲಿ ಆಟೋ ಹತ್ತಿ ಕ್ಲಿನಿಕ್‌ಗೆ ಹೋಗುವ ಪಾಡು ಯಾರಿಗೂ ಬೇಡ. ಅದಕ್ಕೇ ಮನೆಯಲ್ಲೇ ಕೂತು ವಿಡಿಯೊದಲ್ಲಿ ಡಾಕ್ಟರಿಗೆ ತೋರಿಸಿಕೊಳ್ಳುವ ನಿಮ್ಮ ಆ್ಯಪ್‌ನಲ್ಲಿ ಮೂರು ತಿಂಗಳ ಪ್ಯಾಕೇಜ್ ತೆಗೆದುಕೊಂಡೆ.

ನಿಮ್ಮ ಫಾರ್ಮ್ ತುಂಬಲು ಅರ್ಧ ಗಂಟೆ ಹಿಡಿಯಿತು. ದಿನಕ್ಕೆ ಎಷ್ಟು ಲೋಟ ನೀರು ಕುಡಿಯುತ್ತೀರಿ ಅಂತಲೂ ಕೇಳಿದ್ದೀರಿ. ಬೇರೆ ಕಾಯಿಲೆ ಇದೆಯಾ ಎಂಬಲ್ಲಿ 'ಆಸ್ತಮಾ, ಇನ್‌ಹೇಲರ್ ಬಳಸುತ್ತೇನೆ' ಎಂದು ಬರೆದಿದ್ದೇನೆ. ಸ್ಕ್ರೀನ್‌ಶಾಟ್ ಜೊತೆಗಿದೆ.

ವಿಡಿಯೊದಲ್ಲಿ ಡಾಕ್ಟರ್ ಸಿಕ್ಕಿದ್ದು ನಾಲ್ಕೇ ನಿಮಿಷ. ನೋವು ಪದೇ ಪದೇ ಬರದಿರಲಿ ಎಂದು ಪ್ರೊಪ್ರನೊಲಾಲ್ ಬರೆದರು. ಆಸ್ತಮಾ ವಿಷಯ ಅವರು ಎತ್ತಲಿಲ್ಲ. ಬರೆದು ಕೊಟ್ಟಿದ್ದೇನಲ್ಲ ಎಂದು ನಾನೂ ಸುಮ್ನಿದ್ದೆ.

ಮೆಡಿಕಲ್ ಶಾಪ್‌ನಲ್ಲಿ ಆ ಮಾತ್ರೆಯ ಜೊತೆ ಇನ್‌ಹೇಲರ್ ಕೂಡ ಕೇಳಿದೆ. ಅಂಗಡಿಯವರು ಚೀಟಿ ನೋಡಿದರು, ನನ್ನ ಮುಖ ನೋಡಿದರು. "ಎರಡೂ ನಿಮಗೇನಾ ಮೇಡಂ? ಡಾಕ್ಟರ್‌ಗೆ ಒಂದ್ಸಲ ಫೋನ್ ಮಾಡಿ" ಎಂದರು. ನಮ್ಮ ಮನೆಯ ಹಳೆಯ ಡಾಕ್ಟರನ್ನು ಕೇಳಿದಾಗ ಗೊತ್ತಾಯಿತು: ಪ್ರೊಪ್ರನೊಲಾಲ್ ಅನ್ನುವುದು ಬೀಟಾ ಬ್ಲಾಕರ್ ಎಂಬ ಗುಂಪಿನ ಔಷಧಿ. ಆಸ್ತಮಾ ಇರುವವರಿಗೆ ಉಸಿರಿನ ಕೊಳವೆ ಬಿಗಿಯಬಹುದು, ಆಗ ಇನ್‌ಹೇಲರ್ ಕೂಡ ಸರಿಯಾಗಿ ಕೆಲಸ ಮಾಡದೆ ಹೋಗಬಹುದು. ಅಂಗಡಿಯವರಿಗೆ ಒಂದೇ ನೋಟಕ್ಕೆ ಕಂಡದ್ದು ಅರ್ಧ ಗಂಟೆಯ ಫಾರ್ಮ್ ಇಟ್ಟುಕೊಂಡ ನಿಮಗೆ ಕಾಣಲಿಲ್ಲ ಅಲ್ವಾ?

ಇನ್ನೊಂದು. ತಿಂಗಳಿಗೆ ಎಷ್ಟು ದಿನ ನೋವಿನ ಮಾತ್ರೆ ಎಂಬ ಕಾಲಂನಲ್ಲಿ 16 ಎಂದು ಬರೆದಿದ್ದೆ. ತಿಂಗಳುಗಟ್ಟಲೆ ಹೀಗೆ ನುಂಗಿದರೆ ಮಾತ್ರೆಯಿಂದಲೇ ತಲೆನೋವು ಜಾಸ್ತಿಯಾಗುತ್ತದಂತೆ. ಅದನ್ನೂ ಯಾರೂ ಕೇಳಲಿಲ್ಲ.

ಚಾಟ್‌ನಲ್ಲಿ ಹೇಳಿಕೊಂಡರೆ "ನಿಮ್ಮ ಅನುಭವಕ್ಕೆ ವಿಷಾದಿಸುತ್ತೇವೆ" ಎಂದು ಮೂರು ಸಲ ಬಂತು, ಜೊತೆಗೆ 100 ರೂಪಾಯಿ ಕೂಪನ್. 2020ರ ಟೆಲಿಮೆಡಿಸಿನ್ (ಫೋನ್, ವಿಡಿಯೊ ಮೂಲಕ ಚಿಕಿತ್ಸೆ) ಮಾರ್ಗಸೂಚಿಯ ಪ್ರಕಾರ ಚೀಟಿಯಲ್ಲಿ ಡಾಕ್ಟರ ನೋಂದಣಿ ಸಂಖ್ಯೆ ಇರಬೇಕು, ನಿಮ್ಮಲ್ಲಿ ದೂರು ಕೇಳುವ ವ್ಯವಸ್ಥೆಯೂ ಇರಬೇಕು. ಮೊದಲನೆಯದು ಇದೆ. ಎರಡನೆಯದರ ಜಾಗದಲ್ಲಿ ಚಾಟ್‌ಬಾಟ್ ಕೂತಿದೆ.

ಡಾಕ್ಟರ ಮೇಲೆ ನನಗೆ ಅಷ್ಟು ಕೋಪವಿಲ್ಲ. ನಾನು ತುಂಬಿದ ಫಾರ್ಮ್ ಅವರ ಸ್ಕ್ರೀನ್‌ಗೆ ಹೋಗುತ್ತದೋ ಇಲ್ಲವೋ, ಅದನ್ನು ಬರಹದಲ್ಲಿ ತಿಳಿಸಿ. ಉಳಿದ ಎರಡು ತಿಂಗಳ ಹಣ ವಾಪಸ್ ಮಾಡಿ. 15 ದಿನದೊಳಗೆ ಮನುಷ್ಯರೊಬ್ಬರಿಂದ ಉತ್ತರ ಬರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ
ಮಾರತ್ತಹಳ್ಳಿ, ಬೆಂಗಳೂರು