ಭಾನುವಾರದ ಓದಿಗೆ: ಹೊಂಡದ ಕಪ್ಪೆಗಳು

ಸ್ನೇಹಿತರೇ,
ಭಾನುವಾರದ ಚರ್ಚೆಗೆ ಐರಿಶ್ ಕವಿ ಶೇಮಸ್ ಹೀನಿಯವರ ‘ಡೆತ್ ಆಫ್ ಎ ನ್ಯಾಚುರಲಿಸ್ಟ್’ ಕವಿತೆಯನ್ನು ಓದಿಕೊಂಡು ಬನ್ನಿ. 1966ರಲ್ಲಿ ಬಂದ, ಅದೇ ಹೆಸರಿನ ಸಂಕಲನದಲ್ಲಿದೆ. ಚಿಕ್ಕದು, ಎರಡೇ ಭಾಗ. ದಯವಿಟ್ಟು ಒಮ್ಮೆಯಾದರೂ ಗಟ್ಟಿಯಾಗಿ ಓದಿ. ಕೊಳೆಯುವ ಅಗಸೆಯ ಭಾರವೂ ಕಪ್ಪೆಗಳ ವಟಗುಟ್ಟುವಿಕೆಯೂ ಅದರ ನಾದದಲ್ಲೇ ಇವೆ.

ಮೊದಲ ಭಾಗದ ಹುಡುಗ, ನಾರು ತೆಗೆಯಲು ಅಗಸೆ ಗಿಡಗಳನ್ನು ನೆನೆಹಾಕುವ ಹೊಂಡದಿಂದ ಕಪ್ಪೆಮೊಟ್ಟೆಗಳನ್ನು ಜಾಮ್ ಬಾಟಲಿಗಳಲ್ಲಿ ತಂದು ಕಿಟಕಿಯಲ್ಲಿಟ್ಟು, ಗೊದಮೊಟ್ಟೆಗಳಿಗಾಗಿ ಕಾಯುತ್ತಾನೆ. ಶಾಲೆಯಲ್ಲಿ ಟೀಚರ್ ಹೇಳಿಕೊಟ್ಟದ್ದು ಅಪ್ಪ ಕಪ್ಪೆ, ಅಮ್ಮ ಕಪ್ಪೆಯ ಕಥೆ. ಆಮೇಲೊಂದು ಬಿಸಿಲಿನ ದಿನ ಅದೇ ಹೊಂಡದ ತುಂಬ ಕತ್ತುಬ್ಬಿಸಿ ಕುಳಿತ ಕಪ್ಪೆಗಳ ದಂಡು. ಸೇಡಿಗೆಂದೇ ನೆರೆದಿವೆ ಎನ್ನಿಸಿ ಹುಡುಗ ಓಡುತ್ತಾನೆ.

ಇದನ್ನು ಬರೀ ಭಯ ಎಂದು ಓದಿದರೆ ಕವಿತೆಗೆ ಅನ್ಯಾಯವಾಗುತ್ತದೆ. ಕದ್ದು ತಂದವನ ಅಳುಕು ಅದರಲ್ಲಿದೆ. ಅಪ್ಪ-ಅಮ್ಮನ ಸರಳ ಕಥೆಯಲ್ಲಿ ಹಿಡಿಸದ ಯಾವುದೋ ದೇಹದ ಸತ್ಯವನ್ನು ಮೊದಲ ಬಾರಿ ಕಂಡ ಅಸಹ್ಯವೂ ಇದೆ. ಕೈ ಅದ್ದಿದರೆ ಮೊಟ್ಟೆಗಳೇ ಹಿಡಿದುಕೊಳ್ಳುತ್ತವೆ ಎಂಬ ಕೊನೆಯ ಮಾತಿಗೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಒಪ್ಪದವರು ಆ ಸಾಲನ್ನೇ ಗುರುತು ಹಾಕಿಕೊಂಡು ಬನ್ನಿ, ಅಲ್ಲಿಂದಲೇ ಶುರು ಮಾಡೋಣ.