ಗೆಳೆಯನಿಗೊಂದು ಪತ್ರ: ಫೆರಾರಾದ ಗೋಡೆಯ ಮೇಲಿನ ಮೇಷ ರಾಶಿ

ಪ್ರಿಯ ಗೆಳೆಯಾ,

ಶಿಲ್ಪ, ಚಿತ್ರಗಳ ಬಗ್ಗೆ ಬರುವ ಬರಹಗಳು ಕಾಲ, ಶೈಲಿ, ರಾಜವಂಶಗಳನ್ನು ಹೇಳಿ ನಿಂತುಬಿಡುತ್ತವೆ ಎಂದು ನೀನು ಬರೆದಿದ್ದೆ. ಆ ಕೊರತೆಯನ್ನು ನೂರು ವರ್ಷಗಳ ಹಿಂದೆಯೇ ಕಂಡವನು ಜರ್ಮನಿಯ ಕಲಾ ಇತಿಹಾಸಕಾರ ಆಬಿ ವಾರ್ಬುರ್ಗ್. 1866ರಲ್ಲಿ ಹ್ಯಾಂಬರ್ಗಿನ ಯಹೂದಿ ಬ್ಯಾಂಕರ್ ಮನೆತನದ ಹಿರಿಯ ಮಗನಾಗಿ ಹುಟ್ಟಿದ ಅವನು, ಕೇಳಿದ ಪುಸ್ತಕಗಳನ್ನೆಲ್ಲ ಕೊಡಿಸಬೇಕೆಂಬ ಷರತ್ತಿನ ಮೇಲೆ ತನ್ನ ಹಿರಿತನದ ಹಕ್ಕನ್ನು ತಮ್ಮ ಮ್ಯಾಕ್ಸ್‌ಗೆ ಬಿಟ್ಟುಕೊಟ್ಟನೆಂದು ಆ ಮನೆಯಲ್ಲಿ ಹೇಳುತ್ತಿದ್ದರು.

ಅವನ ಕೆಲಸದಲ್ಲಿ ನನ್ನನ್ನು ಹೆಚ್ಚು ಹಿಡಿದಿಟ್ಟಿರುವುದು ಇಟಲಿಯ ಫೆರಾರಾದ ಸ್ಕಿಫಾನೋಯಾ ಅರಮನೆಯ ಭಿತ್ತಿಚಿತ್ರಗಳ ಅಧ್ಯಯನ. ದೊರೆ ಬೋರ್ಸೊ ದ'ಎಸ್ತೆ 1470ರ ಸುಮಾರಿಗೆ ಬರೆಸಿದ ಈ ಚಿತ್ರಗಳಲ್ಲಿ ಪ್ರತಿ ತಿಂಗಳಿಗೂ ಮೂರು ಪಟ್ಟಿಗಳಿವೆ: ಮೇಲೆ ರಥವೇರಿದ ದೇವತೆಗಳು, ಕೆಳಗೆ ಬೋರ್ಸೊನ ಆಸ್ಥಾನದ ಬದುಕು, ನಡುವೆ ರಾಶಿಚಿಹ್ನೆ ಮತ್ತು ಯಾರೆಂದು ತಿಳಿಯದ ಮೂರು ವಿಚಿತ್ರ ಆಕೃತಿಗಳು. ಮಾರ್ಚ್ ತಿಂಗಳಲ್ಲಿ, ಮೇಷದ ಬಳಿ, ಹರಿದ ಬಿಳಿ ಬಟ್ಟೆಗೆ ಹಗ್ಗ ಬಿಗಿದುಕೊಂಡ ಕಪ್ಪು ಮನುಷ್ಯನೊಬ್ಬ ನಿಂತಿದ್ದಾನೆ.

ಇವರು ರಾಶಿಯೊಂದನ್ನು ಹತ್ತು ಹತ್ತು ಅಂಶಗಳಂತೆ ಮೂರು ಪಾಲು ಮಾಡಿದಾಗ ಸಿಗುವ ದ್ರೇಕ್ಕಾಣಗಳ ಅಧಿದೇವತೆಗಳೆಂದು ವಾರ್ಬುರ್ಗ್ 1912ರಲ್ಲಿ ರೋಮ್‌ನ ಕಲಾ ಇತಿಹಾಸ ಸಮ್ಮೇಳನದಲ್ಲಿ ತೋರಿಸಿದನು. ವರಾಹಮಿಹಿರನ ಬೃಹಜ್ಜಾತಕವು ಮೇಷದ ಮೊದಲ ದ್ರೇಕ್ಕಾಣವನ್ನು ಸೊಂಟಕ್ಕೆ ಬಿಳಿ ವಸ್ತ್ರ ಸುತ್ತಿ, ಕೊಡಲಿ ಎತ್ತಿಹಿಡಿದ, ಕೆಂಗಣ್ಣಿನ ಕಪ್ಪು ಪುರುಷನೆಂದು ವರ್ಣಿಸುತ್ತದೆ. ಆ ವರ್ಣನೆ ಒಂಬತ್ತನೆಯ ಶತಮಾನದ ಬಾಗ್ದಾದಿನ ಜ್ಯೋತಿಷಿ ಅಬು ಮಅಶರ್‌ನ ಅರಬ್ಬಿ ಗ್ರಂಥವನ್ನು ಸೇರಿ, ಹೀಬ್ರೂ, ಲ್ಯಾಟಿನ್ ಅನುವಾದಗಳನ್ನು ಹಾದು, ಫೆರಾರಾದ ಗೋಡೆಯನ್ನು ತಲುಪಿತು. ಚಿತ್ರವೊಂದರ ಅರ್ಥಕ್ಕಾಗಿ ಜ್ಯೋತಿಷ, ಧರ್ಮ, ಅನುವಾದಗಳ ಇತಿಹಾಸವನ್ನು ಒಟ್ಟಿಗೆ ಓದುವ ಈ ಕ್ರಮ ಅಂದಿನ ವಿದ್ವಾಂಸರಿಗೆ ಹೊಸತಾಗಿತ್ತು.

ಆದರೂ ನನಗೊಂದು ಅಸಮಾಧಾನವಿದೆ. ಆ ಕಪ್ಪು ಪುರುಷನ ಮೂಲವನ್ನು ಅವನು ಗ್ರೀಕರ ವೀರ ಪರ್ಸಿಯಸ್‌ನಲ್ಲಿ ಕಂಡನು. ಗ್ರೀಕ್ ದೇವತೆಗಳು ವೇಷ ಮರೆಸಿಕೊಂಡು ಸಾಗಿ ಬಂದ ದಾರಿಯಲ್ಲಿ ಭಾರತ ಅವನಿಗೆ ಒಂದು ತಂಗುದಾಣ ಮಾತ್ರ. ಇಲ್ಲಿನವರು ಆ ರೂಪಕ್ಕೆ ತಾವಾಗಿ ಏನನ್ನು ಕೊಟ್ಟರೆಂಬುದು ಅವನ ಪ್ರಶ್ನೆಯಾಗಲಿಲ್ಲ.

1918ರಲ್ಲಿ ಅವನ ಮನಸ್ಸು ಕುಸಿಯಿತು. ಸ್ವಿಟ್ಜರ್ಲೆಂಡಿನ ಕ್ರೊಯ್ಟ್ಸ್‌ಲಿಂಗನ್ ಚಿಕಿತ್ಸಾಲಯದಲ್ಲಿದ್ದಾಗ, 1923ರ ಏಪ್ರಿಲ್‌ನಲ್ಲಿ, ಯೌವನದಲ್ಲಿ ತಾನು ಭೇಟಿಯಾಗಿದ್ದ ಅಮೆರಿಕದ ಮೂಲನಿವಾಸಿಗಳ ಸರ್ಪಾಚರಣೆಯ ಕುರಿತು ವೈದ್ಯರ ಮತ್ತು ರೋಗಿಗಳ ಮುಂದೆ ಉಪನ್ಯಾಸ ನೀಡಿದನು. ಮರುವರ್ಷ ಹ್ಯಾಂಬರ್ಗಿಗೆ ಮರಳಿದನು. ಕೊನೆಯ ವರ್ಷಗಳನ್ನು ಕಪ್ಪು ಬಟ್ಟೆ ಹೊದಿಸಿದ ಹಲಗೆಗಳ ಮೇಲೆ ಸುಮಾರು ಸಾವಿರ ಛಾಯಾಚಿತ್ರಗಳನ್ನು ಜೋಡಿಸುವ 'ನೆಮೊಸಿನೆ' ಚಿತ್ರಸಂಪುಟಕ್ಕೆ ಕೊಟ್ಟನು. ಅದು ಮುಗಿಯುವ ಮೊದಲೇ, 1929ರಲ್ಲಿ, ತೀರಿಕೊಂಡನು.

ಅವನ ಗ್ರಂಥಾಲಯದಲ್ಲಿ, ಹುಡುಕುವ ಪುಸ್ತಕಕ್ಕಿಂತ ಅದರ ಪಕ್ಕದ ಪುಸ್ತಕವೇ ಓದುಗನಿಗೆ ಬೇಕಾದದ್ದಾಗಿರಬಹುದು ಎಂಬ ನಂಬಿಕೆಯ ಮೇಲೆ ಕಪಾಟುಗಳನ್ನು ಜೋಡಿಸಲಾಗಿತ್ತು. ನಾಜಿಗಳು ಅಧಿಕಾರಕ್ಕೆ ಬಂದ 1933ರಲ್ಲೇ ಅವನ ಸಹಚರರಾದ ಫ್ರಿಟ್ಸ್ ಝಾಕ್ಸ್ಲ್ ಮತ್ತು ಗೆರ್ಟ್ರೂಡ್ ಬಿಂಗ್ ಸುಮಾರು 60,000 ಪುಸ್ತಕಗಳನ್ನು ಹಡಗಿನಲ್ಲಿ ಲಂಡನ್ನಿಗೆ ಸಾಗಿಸಿ ಉಳಿಸಿದರು. 1944ರಿಂದ ಅದು ಲಂಡನ್ ವಿಶ್ವವಿದ್ಯಾಲಯದ ಭಾಗವಾಗಿದೆ.

ನಿಮ್ಮ ತಂದೆಯವರ ಜ್ಯೋತಿಷ ಗ್ರಂಥಗಳಲ್ಲಿ ಬೃಹಜ್ಜಾತಕವಿದ್ದರೆ, ದ್ರೇಕ್ಕಾಣಗಳ ಅಧ್ಯಾಯಕ್ಕೆ ಹಳೆಯ ವ್ಯಾಖ್ಯಾನಕಾರರು ಏನು ಹೇಳಿದ್ದಾರೆಂದು ಅವರನ್ನು ಕೇಳಿ ಬರೆ. ವಾರ್ಬುರ್ಗ್ ಕೇಳದೆ ಬಿಟ್ಟ ಪ್ರಶ್ನೆಯನ್ನು ನಾವಿಬ್ಬರೂ ಅಲ್ಲಿಂದ ಕೇಳಲು ತೊಡಗೋಣ.

ಇಂತಿ,
ನಿನ್ನ ಗೆಳೆಯ